ಹೋಟಗಿಯಲ್ಲಿ ಎಲ್ಲರೂ ಇಳಿಯಬೇಕು

ನಮ್ಮ ಸೋದರತ್ತೆಯ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ತೂರುವಷ್ಟು ಸಂದಿಯಿತ್ತು. ಬೇರೆಯವರಾಗಿದ್ದರೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರೇನೋ. ಅತ್ತೆ ಅದರೊಳಗಿಂದ ರೈಲಿನ ಗಾರ್ಡನ ಹಾಗೆ ಸೀಟಿ ಊದುತ್ತಿದ್ದಳು, ಅದೂ ಅಪ್ಪ ಊಟಕ್ಕೆ ಕೂತಿರುವಾಗ.

ಮಾವ ಹೋಟಗಿ ಸ್ಟೇಷನ್ನಿನಲ್ಲಿ ನಿಶಾನೆ ತೋರಿಸುವ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಒಂದು ಟ್ರಂಕು, ಒಂದು ಹಸಿರು ನಿಶಾನೆ ಹಿಡಿದು ಪಕ್ಕದ ಪಟ್ಟಣದ ನವಿ ಪೇಠೆಯಲ್ಲಿದ್ದ ನಮ್ಮ ಮನೆಗೆ ಬಂದಳು. ಆಗ ನನಗೆ ಏಳು ವರ್ಷ. ನಾನೂ ಇಬ್ಬರು ಅಣ್ಣಂದಿರೂ ಮಲಗುವ ಮಾಳಿಗೆಯ ಕೋಣೆಯಲ್ಲಿ ಸಾಮಾನು ಚೆಲ್ಲಾಡಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅವ್ವ ಬೈದು ಬೈದು ಸೋತಿದ್ದಳು.

ಅತ್ತೆ ಬೈಯಲಿಲ್ಲ. ಕೋಣೆಯ ನಡುವೆ ಚಾಪೆ ಹಾಸಿ, ಇದು ಹೋಟಗಿ ಎಂದಳು. ಪುಸ್ತಕದ ಗೂಡು ಅಕ್ಕಲಕೋಟೆ. ಒಗೆಯುವ ಬಟ್ಟೆಯ ಬುಟ್ಟಿ ವಿಜಾಪುರ. ವಿಜಾಪುರಕ್ಕೆ ಹೋಗುವವರು ಹೋಟಗಿಯಲ್ಲಿ ದೊಡ್ಡ ಗಾಡಿ ಇಳಿದು ಸಣ್ಣ ಗಾಡಿ ಹತ್ತಬೇಕಿದ್ದ ಕಾಲ ಅದು. ಹಾಗೆಯೇ ನೆಲದ ಮೇಲೆ ಬಿದ್ದದ್ದೆಲ್ಲ ಮೊದಲು ಚಾಪೆಗೆ ಬಂದು, ಅಲ್ಲಿಂದ ತನ್ನ ತನ್ನ ಊರಿಗೆ ಹೋಗಬೇಕು.

"ಚಡ್ಡಿ ಸಾಹೇಬ್ರ, ಎಲ್ಲಿಗಿ ಹೊಂಟೀರಿ?" ಎಂದು ಅಣ್ಣನ ಚಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಮೂಸುವಳು. "ಅಯ್ಯ, ಇವ್ರು ಹೋದ ವಾರನ ವಿಜಾಪುರಕ್ಕ ಹೋಗಬೇಕಿತ್ತು. ಗಾಡಿ ತಪ್ಪಿಸ್ಕೊಂಡಾರ."

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನೆಲ ಖಾಲಿಯಾಗುವ ತನಕ ನಿಶಾನೆ ಏಳುತ್ತಿರಲಿಲ್ಲ, ಸೀಟಿಯೂ ಇಲ್ಲ. ಆ ಸೀಟಿಯ ಆಸೆಗೆ ಕಸಬರಿಗೆಗಾಗಿ ನಾವು ಹೊಡೆದಾಡಿದ್ದೂ ಉಂಟು.

ಬೇಸಿಗೆ ರಜೆಗೆ ಅತ್ತೆ ಅಕ್ಕಲಕೋಟೆಗೆ ಹೊರಟಳು. ತಿಂಗಳಿಡೀ ತಮ್ಮ ಸಾಮಾನು ಜಾಗದಲ್ಲಿ ಇಟ್ಟವರು ಮಾತ್ರ ಅವಳ ಜೊತೆ ಹೋಗಬಹುದೆಂದು ಅಪ್ಪ ಹೇಳಿದ್ದರು. ಗೆದ್ದವಳು ನಾನೊಬ್ಬಳೇ. ಹೊಸ ಬಿಳಿ ಫ್ರಾಕು ತೊಟ್ಟು ರೈಲು ಹತ್ತಿದೆ. ಕಿಟಕಿಗೆ ಮುಖ ಒತ್ತಿಕೊಂಡು ಕೂತದ್ದಕ್ಕೆ ಇಂಜಿನ್ನಿನ ಮಸಿಯೆಲ್ಲ ಫ್ರಾಕಿನ ಮೇಲೆ. ಅದರ ಮೇಲೆ ಶೇಂಗಾ ಚಟ್ನಿಯ ಎಣ್ಣೆ ಬೇರೆ.

ಹೋಟಗಿ ಬಂತು. ಅಕ್ಕಲಕೋಟೆಗೆ ಹೋಗುವ ನಾವು ಅಲ್ಲಿ ಇಳಿಯಬೇಕಿರಲಿಲ್ಲ. ಮಾವನ ಹಳೆಯ ಗೆಳೆಯರು ಕಿಟಕಿಗೆ ಬಂದು ಅತ್ತೆಯನ್ನು ಮಾತಾಡಿಸತೊಡಗಿದರು. ನಾನು ಫ್ರಾಕು ನೋಡಿಕೊಂಡೆ. ಮಾಸಿದ್ದು ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿತ್ತು. ಅಳು ನುಂಗಿಕೊಂಡು ಇಳಿದೆ. ಆಚೆ ನಿಂತಿದ್ದ ಸಣ್ಣ ಗಾಡಿ ವಿಜಾಪುರದ್ದೇ ಎಂದು ಒಬ್ಬ ಅಜ್ಜನನ್ನು ಕೇಳಿ ಖಾತ್ರಿ ಮಾಡಿಕೊಂಡು ಹತ್ತಿ ಕೂತೆ.

ಸ್ವಲ್ಪ ಹೊತ್ತಿಗೆ ಸೀಟಿ ಕೇಳಿಸಿತು. ಗಾರ್ಡನದಲ್ಲ. ಹಲ್ಲಿನ ಸಂದಿಯ ಸೀಟಿ, ಮತ್ತೆ ಮತ್ತೆ, ಏದುಸಿರಿನ ಸೀಟಿ. ಕಿಟಕಿಯಿಂದ ಕೈ ಆಡಿಸಿದೆ. ಬರಿಗಾಲಲ್ಲಿ ಓಡಿ ಬಂದ ಅತ್ತೆಯ ಹಿಂದೆ ನಮ್ಮ ದೊಡ್ಡ ಗಾಡಿ ಹೊರಟೇಹೋಯಿತು.

"ಇಲ್ಯಾಕ ಕುಂತಿ, ನನ್ನವ್ವ?"

"ನಾ ಮಾಸೀನಿ, ಅತ್ತಿ. ಮಾಸಿದ್ದು ವಿಜಾಪುರಕ್ಕ ಹೋಗಬೇಕಲ್ಲ."

ಅತ್ತೆ ನಕ್ಕಳು. ನಗುತ್ತ ನಗುತ್ತ ಅತ್ತಳು. ನನ್ನನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅವಳ ಸೀರೆಗೂ ಮಸಿಯಾಯಿತು.

"ಅರಿವಿ-ಬಟ್ಟಿ ಹೋಗ್ತಾವ. ಕೂಸು ಹೋಗೂದಿಲ್ಲ. ಕೂಸು ಎಷ್ಟ ಮಾಸಿದ್ರೂ ನನ್ನ ಕೂಡನ ಇರ್ತದ."

ಅಕ್ಕಲಕೋಟೆಗೆ ಮುಂದಿನ ಗಾಡಿ ಸಂಜೆಗೆ. ಅಲ್ಲಿಯವರೆಗೆ ಅವಳು ನನಗೆ ಹೋಟಗಿಯ ಒಂದೊಂದು ಸಿಗ್ನಲ್ ಕೈಕಂಬವನ್ನೂ ಪರಿಚಯ ಮಾಡಿಕೊಟ್ಟಳು, ನೆಂಟರನ್ನು ತೋರಿಸಿದ ಹಾಗೆ. ಅಷ್ಟು ಖುಷಿಯ ದಿನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ.

ಅತ್ತೆ ಕೊನೆಗಾಲ ಕಳೆದದ್ದು ನನ್ನ ಮನೆಯಲ್ಲಿ. ಹಲ್ಲುಗಳೆಲ್ಲ ಉದುರಿ ಸೀಟಿ ನಿಂತುಹೋಗಿತ್ತು. ತೀರಿಕೊಳ್ಳುವ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ, ಹಾಸಿಗೆ ಒದ್ದೆಯಾಗಿತ್ತು. ಅವಳು ನಾಚಿ ಗೋಡೆಯ ಕಡೆ ತಿರುಗಿದ್ದಳು. ನಾನು ಅವಳ ಸೀರೆ ಬದಲಿಸಿ, ಒದ್ದೆ ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ.

"ಸೀರಿ ಬಾಯಿಸಾಹೇಬ್ರ, ಎಲ್ಲಿಗಿ ಹೊಂಟೀರಿ?"

ಗೋಡೆಯ ಕಡೆಯಿಂದಲೇ ಉತ್ತರ ಬಂತು. "ವಿಜಾಪುರಕ್ಕ." ಮತ್ತೆ ಅವಳೇ ಕೇಳಿದಳು. "ಮತ್ತ ನಾ?"

"ನೀ ನನ್ನ ಕೂಡನ."

ಅತ್ತೆ ಈಚೆ ತಿರುಗಿ, ಬೊಚ್ಚು ಬಾಯಿ ಚೂಪು ಮಾಡಿ ಸೀಟಿ ಊದಲು ನೋಡಿದಳು. ಬರೀ ಗಾಳಿ ಬಂತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.