ಸೇತುವೆ ದಾಟಿದ ಜನ

ನಂದಗುಡಿಯಿಂದ ಹೊರಡುವ ಬೆಳಗಿನ ಮೊದಲ ಬಸ್ಸಿನಲ್ಲಿ ಸೊಪ್ಪಿನ ಮೂಟೆಗಳ ನಡುವೆ ಜಾಗ ಮಾಡಿಕೊಂಡು ಕೂರುವವಳು ಅನಸೂಯ. ರೈಲು, ಮೆಟ್ರೋ, ಬಸ್ಸು ಮೂರೂ ಕೂಡುವ ನಗರದಂಚಿನ ದೊಡ್ಡ ನಿಲ್ದಾಣದಲ್ಲಿ ಅವಳಿಗೆ ಕೆಲಸ. ಜನ ಎಲ್ಲಿಂದ ಬರುತ್ತಾರೆ, ಎಲ್ಲಿ ಗುಂಪುಗಟ್ಟುತ್ತಾರೆ, ಯಾವ ಮೆಟ್ಟಿಲು ಯಾವಾಗ ತುಂಬುತ್ತದೆ ಎಂದು ಲೆಕ್ಕ ಹಾಕಿ ದಾರಿ ಗೊತ್ತುಮಾಡುವುದು. "ಅದಕ್ಕೂ ಸಂಬಳ ಕೊಡ್ತಾರಾ?" ಎಂದು ತಾಯಿ ಮುತ್ತಮ್ಮನಿಗೆ ಸೋಜಿಗ.

ಈ ಮಳೆಗಾಲ ಅಲ್ಲಿ ಜನ ಹಳಿ ದಾಟುವ ಎರಡು ಮೇಲ್ಸೇತುವೆಗಳಲ್ಲಿ ಒಂದನ್ನು ದುರಸ್ತಿಗೆ ಮುಚ್ಚಬೇಕಾಯಿತು. ಇನ್ನೊಂದರ ಮೇಲೇ ಎಲ್ಲರೂ ದಾಟಬೇಕು. ಅನಸೂಯ ವಾರಗಟ್ಟಲೆ ಕಂಪ್ಯೂಟರಿನಲ್ಲಿ ಜನರನ್ನು ಚುಕ್ಕಿಗಳನ್ನಾಗಿ ಓಡಿಸಿ ನೋಡಿದಳು. ಚುಕ್ಕಿಗಳು ಮೆಟ್ಟಿಲ ಬಾಯಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಕೊನೆಗೆ ಹತ್ತುವವರಿಗೂ ಇಳಿಯುವವರಿಗೂ ಬೇರೆ ಬೇರೆ ಬದಿ ಮಾಡಿ, ಹೊಸಕೋಟೆ ಕಡೆಯ ಬಸ್ಸುಗಳನ್ನು ಹಿಂದಿನ ಗೇಟಿಗೆ ಸರಿಸಿದಾಗ ಚುಕ್ಕಿಗಳು ಸರಾಗವಾಗಿ ಹರಿದವು.

ಮೊದಲ ದಿನವೇ ಎಡವಟ್ಟು. ಮಳೆಯಿಂದ ತಡವಾಗಿದ್ದ ಎರಡು ರೈಲುಗಳು ಒಟ್ಟಿಗೇ ಬಂದವು. ಸೇತುವೆ ಕಾಣುವ ಮೇಲಂತಸ್ತಿನಲ್ಲಿ ಅವಳ ಪಕ್ಕ ನಿಂತಿದ್ದ ಮೇಲಧಿಕಾರಿ ರವಿಚಂದ್ರ ವೈರ್‌ಲೆಸ್ ಕೈಗೆತ್ತಿಕೊಂಡರು.

"ಸೇತುವೆ ಗೇಟ್ ಹಾಕಿಸ್ಬಿಡ್ಲೇನಮ್ಮಾ?"

"ಬೇಡ ಸಾರ್, ಮೆಟ್ಟಿಲ ಮೇಲೇ ನಿಂತ್ಬಿಡ್ತಾರೆ. ಹಿಂದಿನ ಗೇಟ್ ಪೂರ್ತಿ ತೆಗೆಸಿ."

ಅವರು ವೈರ್‌ಲೆಸ್‌ನಲ್ಲಿ ಹಾಗೇ ಹೇಳಿದರು.

ಹೂವಿನ ಬುಟ್ಟಿ, ಲ್ಯಾಪ್‌ಟಾಪ್ ಚೀಲ, ಕಂಕುಳ ಕೂಸು, ಒದ್ದೆ ಕೊಡೆಗಳು. ಸೇತುವೆ ಕಿಕ್ಕಿರಿಯಿತು. ಆಮೇಲೆ, ತುಂಬಿದ ಕೆರೆ ಕೋಡಿ ಬಿದ್ದ ಹಾಗೆ, ಹಿಂದಿನ ಗೇಟಿನಿಂದ ಜನ ಹೊರಗೆ ಹರಿಯತೊಡಗಿದರು.

ಅಷ್ಟರಲ್ಲಿ ಸೇತುವೆಯ ನಟ್ಟನಡುವೆ ಮುದುಕರೊಬ್ಬರು ತಲೆಸುತ್ತಿ ಕುಸಿದರು. ಆದರೆ ಯಾರೂ ಹೇಳದೆಯೇ ಅವರ ಸುತ್ತ ಜಾಗ ತೆರೆದುಕೊಂಡಿತು. ಹೆಂಗಸೊಬ್ಬಳು ಕೊಡೆ ಅಡ್ಡ ಹಿಡಿದು "ಆ ಕಡೆಯಿಂದ ಹೋಗ್ರಪ್ಪಾ" ಎಂದು ಕೂಗಿದಳು. ಇಬ್ಬರು ಅವರನ್ನು ಎತ್ತಿ ಕಂಬಿಗೆ ಒರಗಿಸಿ ಕೂರಿಸಿದರು. ಮಿಕ್ಕವರು ಇಬ್ಭಾಗವಾಗಿ ಬಳಸಿ ನಡೆದು, ಮುಂದೆ ಮತ್ತೆ ಒಂದಾದರು. ತಳ್ಳಾಟವೇ ಇಲ್ಲ. ಯಾವ ಚುಕ್ಕಿಗೂ ಅನಸೂಯ ಇದನ್ನು ಕಲಿಸಿರಲಿಲ್ಲ.

"ನೋಡಿದ್ರಾ ಸಾರ್?"

ರವಿಚಂದ್ರ ಮುದುಕರಿಗೆ ನೀರು ಒಯ್ಯಲು ವೈರ್‌ಲೆಸ್‌ನಲ್ಲಿ ಹೇಳಿದರು.

ಮುದುಕರು ನೀರು ಕುಡಿದು, ಸುಧಾರಿಸಿಕೊಂಡು ಬಸ್ಸು ಹಿಡಿದರು. ದುರಸ್ತಿ ಮುಗಿಯುವವರೆಗೂ ಅನಸೂಯ ಹಾಕಿಕೊಟ್ಟ ದಾರಿಗಳೇ ನಡೆದವು.

ಆ ಸಂಜೆ ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಾಗ, ಸೊಪ್ಪು ಬಿಡಿಸುತ್ತಿದ್ದ ಮುತ್ತಮ್ಮನ ಕೈ ನಿಂತಿತು.

"ಅಷ್ಟೂ ಜನ ಒಬ್ರಿಗೊಬ್ರು ಗುರುತಿಲ್ದೋರಾ?"

"ಗುರುತಿಲ್ದೋರೇ ಕಣಮ್ಮಾ."