ಎರಡು ಪೆಟ್ಟಿಗೆಗೆ ಒಂದು ಹೆಡ್

ಗುಜರಿಯವನು ನನ್ನ ಸ್ಪೀಕರ್ ಪೆಟ್ಟಿಗೆಗಳನ್ನು ಬಗ್ಗಿ ನೋಡಿ, ಕಟ್ಟಿಗೆಗೆ ಏನೂ ಬರುವುದಿಲ್ಲ, ಒಳಗಿನ ಅಯಸ್ಕಾಂತವನ್ನು ಬೇಕಾದರೆ ತೂಕಕ್ಕೆ ಹಾಕಿಕೊಳ್ಳುತ್ತೇನೆ ಅಂದ. ನನಗೆ ಪಿತ್ತ ನೆತ್ತಿಗೇರಿತು. ಅವನನ್ನು ಕರೆಸಿದವನು ನಾನೇ. ಇರುವ ಎರಡು ಖೋಲಿಯಲ್ಲಿ ಆ ದೊಡ್ಡ ಪೆಟ್ಟಿಗೆಗಳೇಕೆ, ಮಾರಿಬಿಡು ಅಂತ ಕಲಬುರಗಿಯಿಂದ ಅಕ್ಕ ವಾರವಾರವೂ ಫೋನಿನಲ್ಲಿ ತಲೆ ತಿನ್ನುತ್ತಿದ್ದಳು. ಆದರೂ ಅವನನ್ನು ಮೆಟ್ಟಿಲಿಳಿಸಿ ಬಾಗಿಲು ಹಾಕಿಕೊಂಡೆ. ಮಾರುವುದಿಲ್ಲ, ಹೊಸ ಹೆಡ್ ತಂದು ಮತ್ತೆ ಬಾರಿಸುತ್ತೇನೆ ಅಂತ ಗಟ್ಟಿಯಾಗಿಯೇ ಹೇಳಿದೆ. ಕೇಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.

ನಾನು ಬಾರಿಸುತ್ತಿದ್ದುದು ಬೇಸ್ ಗಿಟಾರು. ಅದು ಒಬ್ಬನೇ ಕೂತು ಬಾರಿಸುವ ವಾದ್ಯವಲ್ಲ. ಯಾರೋ ಹಾಡಬೇಕು, ಯಾರೋ ಸ್ವರ ಹಿಡಿಯಬೇಕು, ಅದರ ಕೆಳಗೆ ಇದು ಗುಂಯ್ ಅನ್ನುತ್ತಿರಬೇಕು. ಗಿಟಾರಿನ ಸಣ್ಣ ದನಿಯನ್ನು ಹಿಗ್ಗಿಸಿ ಪೆಟ್ಟಿಗೆಗಳಿಗೆ ಕಳಿಸುವ ಯಂತ್ರಕ್ಕೆ ಹೆಡ್ ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಬರೀ ಡಬ್ಬಿ. ಡಬ್ಬಿ ಸುಟ್ಟುಹೋಗಿ ಆರು ವರ್ಷವಾಗಿತ್ತು. ಪೆಟ್ಟಿಗೆಗಳು ಎರಡೂ ಉಳಿದಿದ್ದವು. ಒಂದು ನನ್ನದು, ಒಂದು ನನ್ನ ಜೊತೆ ಕೀಬೋರ್ಡು ಬಾರಿಸುತ್ತಿದ್ದವನದು.

ಅವನು ಯಾದಗಿರಿ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ರಜೆಯ ದಿನ ಕೀಬೋರ್ಡು. ನಾನು ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಹೇಳುವವನು, ಮದುವೆ ಆಗದೆ ಉಳಿದವನು. ಒಬ್ಬ ಹಾಡುಗಾರ್ತಿಯನ್ನೂ ಒಬ್ಬ ಡ್ರಮ್ಮಿನವನನ್ನೂ ಸೇರಿಸಿಕೊಂಡು ಹನ್ನೆರಡು ವರ್ಷ ಮದುವೆ ಆರತಕ್ಷತೆಗಳಲ್ಲಿ ಬಾರಿಸಿದೆವು. ಅವರಿಬ್ಬರೂ ತೆಲುಗಿನವರು. ತರಗತಿಯಲ್ಲಿ ತೆಲುಗು ಮತ್ತು ಇಂಗ್ಲಿಷು, ಬೀದಿಯಲ್ಲಿ ಹಿಂದಿ. ಈ ಊರಿನಲ್ಲಿ ನಾನು ಕನ್ನಡ ಆಡುತ್ತಿದ್ದುದು ಅವನೊಬ್ಬನ ಜೊತೆ. ಭಾನುವಾರ ಬಂದು ಚಹಾ ಕುಡಿಯುತ್ತಾ ಅವನು ಹೊಡೆಯುತ್ತಿದ್ದ ಹರಟೆಗೆ ತಲೆಬುಡ ಇರುತ್ತಿರಲಿಲ್ಲ. ಆದರೂ ನಾನು ಶನಿವಾರವೇ ಹಾಲು ಹೆಚ್ಚು ತಂದಿಡುತ್ತಿದ್ದೆ.

ಡಬ್ಬಿ ಸುಟ್ಟ ವರ್ಷ ಪೆಟ್ಟಿಗೆಗಳ ಸ್ಪೀಕರ್ ಹರಿದಿದ್ದವು. ಎರಡಕ್ಕೂ ಹೊಸ ಸ್ಪೀಕರ್ ತಂದು ನಾನೇ ಕೂಡಿಸಿದೆ. ಸದ್ದು ಗಡದ್ದಾಗಿ ಬರತೊಡಗಿತು, ನಾನು ಬೀಗಿದೆ. ಅವನಿಗೊಂದು ರೂಢಿ ಇತ್ತು: ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದರೊಳಗೆ, ಮಗುವಿಗೆ ಜ್ವರ ನೋಡುವವರ ಹಾಗೆ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುವುದು. ಒಂದು ದಿನ ಕೈ ಹಿಂದಕ್ಕೆಳೆದು ಹೇಳಿದ:

“ಮಾಸ್ತರ್ರ, ಡಬ್ಬಿ ಭಾಳ ಬಿಸಿ ಆಗಾಕತ್ತೈತ್ರಿ. ಒಮ್ಮೆ ನೋಡ್ರಿ.”

“ಫಿಸಿಕ್ಸ್ ನನಗ ಕಲಸಬ್ಯಾಡ ನೀ” ಅಂದೆ.

ಮುಂದಿನ ತಿಂಗಳು ಮಣಿಕೊಂಡದಲ್ಲಿ ಒಂದು ಆರತಕ್ಷತೆ. ಅವತ್ತು ಅವನ ಕೀಬೋರ್ಡಿನ ಆಂಪ್ಲಿಫೈಯರ್ ಕೈಕೊಟ್ಟಿತು. ನನ್ನನ್ನು ಕೇಳಿಯೇ ನನ್ನ ಡಬ್ಬಿಗೆ ತಂತಿ ಸಿಕ್ಕಿಸಿದ. ಮೂರನೇ ಹಾಡಿಗೆ ಸುಟ್ಟ ವಾಸನೆ ಬಂತು, ಹೊಗೆ ಬಂತು, ಸದ್ದು ನಿಂತಿತು. ಮಂದಿಯೆಲ್ಲಾ ತಟ್ಟೆ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ನನ್ನ ಸಿಟ್ಟು ಗೊತ್ತಿದ್ದದ್ದೇ. ಬಾಯಿಗೆ ಬಂದದ್ದನ್ನೆಲ್ಲಾ ಅಂದೆ. ಕೊನೆಗೆ ಅಂದದ್ದು ಮಾತ್ರ ಅಕ್ಷರ ಅಕ್ಷರವೂ ನೆನಪಿದೆ: “ಸಾಮಾನು ಹೊರೋ ಮಂದಿಗೆ ಇದರ ಬೆಲಿ ಏನ್ ಗೊತ್ತಾಗತೈತಿ?”

ಅವನು ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಮುಂದಿನ ಸಾಲಿನಲ್ಲಿ ಹೊಸ ಲಂಗ ಉಟ್ಟು ಕೂತಿದ್ದ ಮಗಳ ಕೈ ಹಿಡಿದುಕೊಂಡು ಹೋದ. ಆ ಹುಡುಗಿಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ಅಪ್ಪ ಬಾರಿಸುವುದನ್ನು ನೋಡಲೆಂದೇ ಬಂದಿತ್ತು.

ಆಮೇಲೆ ಲಾಕ್‌ಡೌನ್ ಬಂತು. ನಿಮ್ಮ ತಂಡ ಏನಾಯಿತು ಅಂತ ಕೇಳಿದವರಿಗೆಲ್ಲಾ ಅದನ್ನೇ ಹೇಳುತ್ತಾ ಬಂದೆ, ಸಲೀಸಾಯಿತು. ತಪ್ಪು ಅವನದು, ಅವನೇ ಬರಲಿ ಅಂತ ಕಾದೆ. ಎಷ್ಟೋ ಭಾನುವಾರ ಮೆಟ್ಟಿಲ ಸಪ್ಪಳಕ್ಕೆ ಎದ್ದು ಹೋಗಿ ನೋಡಿದ್ದೇನೆ. ಮೇಲಿನ ಮನೆಯವರು ಇರುತ್ತಿದ್ದರು. ಒಮ್ಮೆ ಚಹಾ ಸೋಸುವಾಗ ಬಿಸಿ ತಾಗಿ “ಅಯ್ಯಯ್ಯ” ಅಂದವನಿಗೆ, ಇಡೀ ವಾರದಲ್ಲಿ ನಾನು ಆಡಿದ ಕನ್ನಡ ಅದೊಂದೇ ಅಂತ ಹೊಳೆಯಿತು. ಅವತ್ತು ಅತ್ತುಬಿಟ್ಟೆ, ಮುಚ್ಚಿಡುವುದೇನು.

ಗುಜರಿಯವನನ್ನು ಓಡಿಸಿದ ಮರುದಿನ ಕೋಠಿಗೆ ಹೋದೆ. ಅಲ್ಲಿನ ಗಲ್ಲಿಯೊಂದರಲ್ಲಿ ಹಳೆಯ ಆಂಪ್ಲಿಫೈಯರ್ ರಿಪೇರಿ ಮಾಡಿ ಮಾರುವ ಮುದುಕರೊಬ್ಬರಿದ್ದಾರೆ. ಮೇಜಿನ ಮೇಲೆ ಎರಡು ಹೆಡ್‌ಗಳನ್ನಿಟ್ಟರು. ಒಂದು ಹಳೇ ಕಾಲದ್ದು, ಎತ್ತಿದರೆ ಸೊಂಟ ಹಿಡಿಯುವಂಥದ್ದು. ಅದಕ್ಕೆ ಜೋಡಿಸುವ ಪೆಟ್ಟಿಗೆಗಳ ರೋಧ ನಾಲ್ಕು ಓಮ್‌ಗಿಂತ ಕೆಳಗೆ ಇಳಿಯಬಾರದು. ಇನ್ನೊಂದು ಹಗುರ, ಎರಡು ಓಮ್‌ವರೆಗೂ ತಡೆಯುತ್ತದೆ. ಓಮ್ ಇಳಿದಷ್ಟೂ ಪೆಟ್ಟಿಗೆಗಳು ಹೆಡ್‌ನಿಂದ ಹೆಚ್ಚು ಕರೆಂಟು ಜಗ್ಗುತ್ತವೆ, ಮಿತಿ ಮೀರಿದರೆ ಹೆಡ್ ಬೇಯುತ್ತದೆ. ನಿಮ್ಮ ಪೆಟ್ಟಿಗೆಗಳು ಎಷ್ಟು ಅಂತ ಹಿಂದಿಯಲ್ಲಿ ಕೇಳಿದರು. ಒಂದೊಂದು ಎಂಟು, ಎರಡನ್ನೂ ಪಕ್ಕಪಕ್ಕ ಜೋಡಿಸಿದರೆ ಅರ್ಧಕ್ಕಿಳಿದು ನಾಲ್ಕು, ಅಂದೆ. ಅದೇ ಲೆಕ್ಕವನ್ನು ಪ್ರತಿವರ್ಷ ಇನ್ನೂರು ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸುವವನು ನಾನು. ಅವರು ನಕ್ಕು, ಪೆಟ್ಟಿಗೆಯ ಬೆನ್ನಿನ ಮೇಲೆ ಬರೆದಿರುವುದು ಅದು ಹೊಸದಿದ್ದಾಗಿನ ಮಾತು, ಮನೆಗೆ ಹೋಗಿ ಅಳೆದುಕೊಂಡು ಬನ್ನಿ ಅಂದರು. ನನಗೆ ಪಾಠ ಹೇಳುವುದಕ್ಕೆ ಇವರ್ಯಾರು ಅಂತ ಗೊಣಗಿಕೊಂಡೇ ಬಂದೆ.

ಎಂಟು ಓಮಿನ ಸ್ಪೀಕರಿಗೆ ಮೀಟರು ಹಿಡಿದರೆ, ಅದು ಯಾವತ್ತೂ ಕೊಂಚ ಕಡಿಮೆಯೇ ಹೇಳುವುದರಿಂದ, ಸುಮಾರು ಆರು ತೋರಿಸಬೇಕು. ಮೂರು ಚಿಲ್ಲರೆ ತೋರಿಸಿತು. ಮೀಟರು ಕೆಟ್ಟಿದೆ ಅಂತ ಸೆಲ್ ಬದಲಿಸಿದೆ. ಮತ್ತೆ ಅದೇ. ಇನ್ನೊಂದು ಪೆಟ್ಟಿಗೆಗೆ ಹಿಡಿದೆ, ಅಲ್ಲೂ ಅದೇ. ಸ್ಕ್ರೂ ಬಿಚ್ಚಿ ಸ್ಪೀಕರನ್ನು ಹೊರಗೆಳೆದೆ. ಅಯಸ್ಕಾಂತದ ಬೆನ್ನಿನ ಮೇಲೆ ಅಚ್ಚಾಗಿತ್ತು: ನಾಲ್ಕು ಓಮ್. ಪಕ್ಕದಲ್ಲೇ ನಾನು ಅದನ್ನು ಕೂಡಿಸಿದ ತಾರೀಕು, ನನ್ನದೇ ಕೈಬರಹದಲ್ಲಿ.

ಆಗ ಎಲ್ಲಾ ನೆನಪಾಯಿತು. ಇದರಲ್ಲಿ ಸದ್ದು ಜಾಸ್ತಿ ಬರುತ್ತೆ ಸಾರ್ ಅಂದಿದ್ದ ಅಂಗಡಿಯವನು. ಹೌದಾ, ಕೊಡು ಅಂದಿದ್ದೆ ನಾನು. ನಾಲ್ಕು ಮತ್ತು ನಾಲ್ಕು ಪಕ್ಕಪಕ್ಕ ಸೇರಿದರೆ ಎರಡು. ನಾಲ್ಕಕ್ಕಿಂತ ಕೆಳಗೆ ಇಳಿಸಬಾರದಿದ್ದ ನನ್ನ ಹಳೇ ಡಬ್ಬಿಗೆ ತಿಂಗಳುಗಟ್ಟಲೆ ಎರಡನ್ನು ಹೇರಿ ಬೇಯಿಸಿದ್ದೆ. ಅವನ ಕೀಬೋರ್ಡು ಇರಲಿ ಬಿಡಲಿ, ಅದು ಅವತ್ತಲ್ಲದಿದ್ದರೆ ಮರುವಾರ ಸುಡುತ್ತಿತ್ತು. ಅವನ ಅಂಗೈಗೆ ತಿಳಿದದ್ದು ನನ್ನ ಫಿಸಿಕ್ಸಿಗೆ ತಿಳಿದಿರಲಿಲ್ಲ. ನೆಲದ ಮೇಲೆ ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಕಾಲು ಜೋಮು ಹಿಡಿದಿತ್ತು.

ಮತ್ತೆ ಕೋಠಿಗೆ ಹೋದಾಗ ಮುದುಕರು ಹಗುರದ ಹೆಡ್ಡನ್ನೇ ಮುಂದಕ್ಕೆ ತಳ್ಳಿದರು. ಎರಡು ಪೆಟ್ಟಿಗೆಗೂ ಇದೇ ಸರಿ ಅಂದರು. ಅದು ನಿಜವೇ. ನಾನು ಭಾರದ್ದನ್ನು ಕೇಳಿದೆ. ಹಾಗಾದರೆ ಒಂದೇ ಪೆಟ್ಟಿಗೆ ಹಾಕಬೇಕಾಗುತ್ತದಲ್ಲ ಅಂದರು. ಇನ್ನೊಂದು ನನ್ನದಲ್ಲ, ಅದರ ಧಣಿಗೆ ಮುಟ್ಟಿಸಬೇಕು ಅಂದೆ. ಮುಟ್ಟಿಸುವ ನೆಪದಲ್ಲಿ ಅವನ ಮನೆ ಬಾಗಿಲಿಗೆ ಹೋಗಬಹುದು, ತಪ್ಪೊಪ್ಪಿಕೊಂಡರೆ ಅವನು ನಕ್ಕು, ಅವತ್ತೇ ನನ್ನ ಜೊತೆ ಚಹಾಕ್ಕೆ ಬಂದೇ ಬರುತ್ತಾನೆ ಅಂತ ನನ್ನ ಎಣಿಕೆ. ಶನಿವಾರ ಹಾಲು ಕೂಡ ಹೆಚ್ಚು ತಂದಿದ್ದೆ.

ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಟ್ರಾಲಿ ಆಟೋದಲ್ಲಿ ಹಾಕಿಕೊಂಡು ಅವನ ಮನೆಯಿದ್ದ ಶಂಶಾಬಾದಿಗೆ ಹೋದೆ. ಅವನು ಕೆಳಗಿಳಿದು ಬಂದ. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಪೆಟ್ಟಿಗೆಯ ಇನ್ನೊಂದು ಬದಿ ಹಿಡಿಯಲು ಹೋದೆ. “ಬ್ಯಾಡ್ರಿ, ನನಗ ರೂಢಿ ಐತಿ” ಅಂದು ಒಬ್ಬನೇ ಎತ್ತಿಕೊಂಡು ಮೆಟ್ಟಿಲು ಹತ್ತಿದ.

ಮೇಲೆ ಕೂರಿಸಿ ಚಹಾ ಕೊಟ್ಟರು. ಬಾಗಿಲ ಹತ್ತಿರ ಮಗಳು ನಿಂತಿದ್ದಳು, ಕಾಲೇಜಿಗೆ ಹೋಗುವಷ್ಟು ಬೆಳೆದಿದ್ದಳು. ನಾನು ಎಲ್ಲವನ್ನೂ ಹೇಳಿದೆ: ಎಂಟು, ನಾಲ್ಕು, ಎರಡು, ಮೀಟರು, ನನ್ನ ಕೈಬರಹ. ಒಂದು ಹೆಜ್ಜೆಯನ್ನೂ ಬಿಡದೆ ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಡಬ್ಬಿ ಸುಟ್ಟದ್ದು ನಿನ್ನಿಂದಲ್ಲ, ನನ್ನಿಂದ ಅಂದೆ. ಅವನು ಪೂರಾ ಕೇಳಿಸಿಕೊಂಡ.

“ಡಬ್ಬಿ ಸಲುವಾಗಿ ನಾ ಹೋಗಲಿಲ್ರಿ, ಮಾಸ್ತರ್ರ” ಅಂದ. “ನನ್ನ ಮಗಳ ಮುಂದ ಸಾಮಾನು ಹೊರೋ ಮಂದಿ ಅಂದ್ರಿ. ಸುಳ್ಳೇನಲ್ಲ, ಹೊರತೀನಿ. ಆದ್ರ ಅದನ್ನ ನೀವು ಅಂದ್ರಿ.”

ನಾನು ಆರು ವರ್ಷದ ಮೇಲೆ ಉತ್ತರ ಬಿಡಿಸಿಕೊಂಡು ಹೋಗಿದ್ದೆ, ಅವನು ಕೇಳಿಯೇ ಇರದ ಪ್ರಶ್ನೆಗೆ. ಎದ್ದು ನಿಂತು ಆ ಹುಡುಗಿಯ ಕಡೆ ತಿರುಗಿ, ಅವತ್ತು ನಿಮ್ಮಪ್ಪನಿಗೆ ಅಂದದ್ದು ತಪ್ಪಾಯಿತವ್ವಾ, ನನ್ನನ್ನು ಕ್ಷಮಿಸು ಅಂದೆ. ಅವಳು ಅಪ್ಪನ ಮುಖ ನೋಡಿದಳು.

“ಅಪ್ಪ ಅವತ್ತಿಂದ ಕೀಬೋರ್ಡ್ ಮುಟ್ಟಿಲ್ರಿ” ಅಂದಳು.

“ಇರಲಿ ಬಿಡವಾ” ಅಂದ ಅವನು. ಬಸ್ಸಿನ ತನಕ ಬಂದು ಕಳಿಸಿಕೊಟ್ಟ. ಹೋಗಿ ಬರ್ರಿ ಅಂದ. ನಾನೂ ಬರತೀನಿ ಅಂತ ಮಾತ್ರ ಅವನು ಅನ್ನಲಿಲ್ಲ.

ಮನೆಗೆ ಬಂದು ನನ್ನ ಒಂದು ಪೆಟ್ಟಿಗೆಗೆ ಭಾರದ ಹೆಡ್ ಜೋಡಿಸಿದೆ. ನಾಲ್ಕಕ್ಕೆ ನಾಲ್ಕು, ಲೆಕ್ಕ ಸರಿಯಿತ್ತು. ನಾವು ಬಾರಿಸುತ್ತಿದ್ದ ಒಂದು ಹಾಡನ್ನು ಸಣ್ಣ ಸದ್ದಿನಲ್ಲಿ ಕೊನೆಯವರೆಗೂ ಬಾರಿಸಿದೆ, ಬರೀ ಕೆಳಗಿನ ಗುಂಯ್‌ಕಾರ. ಹಾಡು ಮುಗಿದ ಮೇಲೆ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಬಿಸಿ ಆಗಿಲ್ಲ ನೋಡೋ ಅಂತ ಹೇಳಲು ಬಾಯಿ ತೆರೆದವನು, ಎದ್ದು ಹೋಗಿ ಅವನಿಗೆಂದು ತಂದು ಮಿಕ್ಕ ಹಾಲಿಗೆ ಹೆಪ್ಪು ಹಾಕಿದೆ.