ನಂಜನಾಡಿನ ಟೈಲರಕ್ಕ

ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡೇ ಹರಟೆ ಹೊಡೆಯಬಲ್ಲವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಕೊರಳಲ್ಲಿ ಅಳತೆಯ ಟೇಪು, ಸ್ವೆಟರಿನ ಮೇಲೆಲ್ಲ ಬಣ್ಣಬಣ್ಣದ ದಾರದ ಚೂರುಗಳು, ಬಾಯಿಯ ಒಂದು ಮೂಲೆಯಿಂದ ಬರುವ ಮಾತು. ಎಲ್ಲಿ ಸೂಜಿ ನುಂಗಿಬಿಡುತ್ತಾರೋ ಎಂದು ಎದುರಿಗಿದ್ದವರಿಗೆ ದಿಗಿಲು. ಅವರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ನಗು ಬಂದರೆ ಮಾತ್ರ ಅಂಗೈಯನ್ನು ಬಾಯಿಗೊಡ್ಡಿ, ಸೂಜಿಗಳನ್ನೆಲ್ಲ ಅದರೊಳಗೆ ಉದುರಿಸಿಕೊಂಡು, ಆಮೇಲೆ ನಿಧಾನವಾಗಿ ನಗುತ್ತಿದ್ದರು.

ನಾನು ಗುಂಡ್ಲುಪೇಟೆ ಕಡೆಯಿಂದ ಊಟಿ ಹತ್ತಿರದ ಈ ನಂಜನಾಡಿಗೆ ಮದುವೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಗಂಡನ ಮನೆಯವರು ತಾತನ ಕಾಲದಲ್ಲೇ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದು ಆಲೂಗಡ್ಡೆ, ಕ್ಯಾರೆಟ್ಟು ಬೆಳೆದುಕೊಂಡಿದ್ದವರು. ಚಳಿಗೆ ನನ್ನ ಬೆರಳು ಮರಗಟ್ಟುತ್ತಿದ್ದವು. ಅಕ್ಕಪಕ್ಕದವರು ಆ ಬೆಟ್ಟದ ಬಡಗರು, ಅವರ ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅತ್ತೆಯಂತೂ ಬೇಕಾದಷ್ಟೇ ಮಾತಾಡುವವರು. ಹಾಗಾಗಿ ರವಿಕೆಗೆ ಅಳತೆ ಕೊಡಲು ಬಸ್‌ಸ್ಟಾಪಿನ ಪಕ್ಕದ ಆ ಒಂಟಿ ಕೋಣೆಗೆ ಹೋದ ದಿನ, ಟೈಲರಕ್ಕನ ಬಾಯಲ್ಲಿ ನಮ್ಮ ಕಡೆಯ ಮಾತು ಕೇಳಿ ನನಗೆ ಅಳುವೇ ಬಂತು.

"ಯಾವೂರವ್ವ ನಿಂದು?" ಎಂದರು.

"ಗುಂಡ್ಲುಪೇಟೆ ಹತ್ರ."

"ಹಂಗಾರೆ ನಮ್ಮೋಳೇ ಕನ. ಕೂತ್ಕೊ, ಟೀ ಕುಡ್ಕೊಂಡು ಹೋಗು. ಅಳತೆ ಎಲ್ಲೂ ಓಡೋಗಕಿಲ್ಲ."

ಅವರ ಗಂಡ ಮೇಟುಪಾಳ್ಯದ ಮಂಡಿಗೆ ತರಕಾರಿ ಲಾರಿ ಓಡಿಸುತ್ತಿದ್ದರು. ಅವರ ದುಡಿಮೆಯ ಜೊತೆಗೆ ಈ ಹೊಲಿಗೆಯಿಂದಲೂ ಮನೆ ನಡೆಯಬೇಕಿತ್ತು. ಕೋಣೆಯ ಹಿಂಭಾಗಕ್ಕೆ ಹಳೆಯ ಸೀರೆಯ ಪರದೆ ಕಟ್ಟಿದ್ದರು. ಬಿಳಿಯ ಬಟ್ಟೆ ಹೊದ್ದ ಬಡಗ ಹೆಂಗಸರು, ಎಸ್ಟೇಟಿನ ತಮಿಳು ಹೆಂಗಸರು, ನಮ್ಮಂಥವರು, ಎಲ್ಲರೂ ಆ ಪರದೆಯ ಹಿಂದೆ ಕೈ ಎತ್ತಿ ನಿಂತು ಅಳತೆ ಕೊಟ್ಟವರೇ. ಹಾಗೆ ನಿಂತಾಗ ಮನೆಯಲ್ಲಿ ಹೇಳಲಾಗದ ಎಷ್ಟೋ ಮಾತು ಬಾಯಿಗೆ ಬಂದುಬಿಡುತ್ತಿತ್ತು. ಅಲ್ಲಿ ಆಡಿದ್ದು ಇನ್ನೊಂದು ಕಿವಿಗೆ ಬಿದ್ದದ್ದನ್ನು ನಾನು ಕೇಳಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಊಟಿಯ ಒಂದು ಆಸ್ಪತ್ರೆಯವರು ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚುವ ಪರೀಕ್ಷೆ ಶುರುಮಾಡಿದರು. ಅದನ್ನು ಹಳ್ಳಿಯ ಹೆಂಗಸರಿಗೆ ಅವರ ನಡುವಿನ ಹೆಂಗಸರೇ ತಿಳಿಸಿ ಹೇಳಲಿ ಎಂದು ಊರಿಗೊಬ್ಬರನ್ನು ಕರೆದರು. ನಮ್ಮೂರಿಂದ ಟೈಲರಕ್ಕ ಹೋದರು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಕೆಲವು ದಿನ ಬಸ್ಸಿನಲ್ಲಿ ಓಡಾಡಿ ಕಲಿತು ಬಂದರು.

ಮೊದಲ ಸಭೆ ಒಂದು ಭಾನುವಾರ ಶಾಲೆಯ ಜಗುಲಿಯಲ್ಲಿ. ಗೋಡೆಗೆ ಚಿತ್ರ ತೂಗುಹಾಕಿ, ಟೈಲರಕ್ಕ ಹೊಸ ಸೀರೆಯುಟ್ಟು ನಿಂತಿದ್ದರು. ಕ್ಯಾನ್ಸರ್ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಒಬ್ಬಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು, ಇನ್ನೊಬ್ಬಳಿಗೆ ಬಿಚ್ಚಿಕೊಂಡಿರಬಹುದಾದ ಹಸು. ಕೊನೆಗೆ ಉಳಿದದ್ದು ನಾನು ಮತ್ತು ಕಿವಿ ಕೇಳದ ಒಬ್ಬ ಅಜ್ಜಿ. ಟೈಲರಕ್ಕ ಹೇಳಬೇಕಾದ್ದನ್ನೆಲ್ಲ ಪೂರ್ತಿ ಹೇಳಿ ಮುಗಿಸಿ ಚಿತ್ರ ಸುತ್ತಿಟ್ಟರು.

"ಅಜ್ಜಿಗಾದ್ರೂ ಹೇಳ್ದೆ ಬುಡು," ಎಂದರು.

ಆಮೇಲೆ ಅವರು ಸಭೆ ಕರೆಯಲಿಲ್ಲ. ಪರದೆಯ ಹಿಂದೆ, ಒಬ್ಬೊಬ್ಬರಿಗೇ ಹೇಳತೊಡಗಿದರು. ನನಗೆ ಹೇಳಿದ್ದು ತೋಳಿನ ಸುತ್ತಳತೆ ತೆಗೆಯುವಾಗ.

"ಆಲೂಗಡ್ಡೆ ಗಿಡದ ಎಲೆ ಮ್ಯಾಲೆ ಚುಕ್ಕೆ ಕಂಡ್ರೆ ಏನ್ ಮಾಡಿಯೇ? ಗೆಡ್ಡೆ ಕೊಳೆಯೋಗಂಟ ಕಾಯ್ತಾ ಕೂತಿಯಾ? ಇದೂ ಅಂಗೇಯ. ವಿನಿಗರಿನಂತ ನೀರು ಹಚ್ಚಿ ನರ್ಸಮ್ಮ ನೋಡ್ತಾರೆ. ಚುಕ್ಕೆ ಇದ್ರೆ ಬೆಳ್ಳಗೆ ಕಾಣ್ತದೆ. ಅಲ್ಲೇ ಹೇಳ್ಬುಡ್ತಾರೆ."

"ನೋಯ್ತದಾ ಅಕ್ಕ?"

"ಏನೂ ಆಗಕಿಲ್ಲ ಅಂತ ಸುಳ್ಳು ಹೇಳಕಿಲ್ಲ ನಾನು. ಒಂಥರಾ ಇರುಸುಮುರುಸು. ಉಸ್ರು ಬುಟ್ಟು, ಕಾಲು ಸಡ್ಲ ಮಾಡ್ಕೊಂಡ್ರೆ ಆಗೋಯ್ತದೆ."

ನಾನು ಒಪ್ಪಿದೆ. ಮನೆಯಲ್ಲಿ ಹೇಳಿದಾಗ ಅತ್ತೆ ಬೇಡ ಎನ್ನಲಿಲ್ಲ. "ನಾನೂ ಬತ್ತಿನಿ ಜೊತೇಲಿ," ಎಂದರು. "ನನ್ನ ಮಾತ್ರ ಯಾರೂ ಮುಟ್ಟಂಗಿಲ್ಲ. ನಾಕು ಹೆತ್ತಿವ್ನಿ, ಒಂದ್ಸಲನೂ ಡಾಕ್ಟ್ರ ಮಕ ನೋಡಿಲ್ಲ."

ತರಕಾರಿ ಸಾಗಿಸುವ ಜೀಪಿನಲ್ಲಿ ಟೈಲರಕ್ಕನ ಜೊತೆ ನಾವೊಂದಿಷ್ಟು ಜನ ಊಟಿಗೆ ಹೋದೆವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಇದ್ದ ಧೈರ್ಯವೂ ಸೋರಿಹೋಗಿತ್ತು. ನನ್ನನ್ನು ಕರೆದಾಗ ಎದ್ದೆನೇ ಹೊರತು ಕಾಲು ಮುಂದೆ ಬರಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಶಾಲು ತೆಗೆದು ನನ್ನ ಕೈಗೆ ಕೊಟ್ಟರು.

"ನೀ ಕೂತ್ಕೊ. ಅದೇನು ಅಂತ ನಾ ಮೊದ್ಲು ಹೋಗಿ ನೋಡ್ಕೊಂಡು ಬತ್ತಿನಿ."

ಟೈಲರಕ್ಕ ಅವರ ಹಿಂದೆಯೇ ಒಳಗೆ ಹೋದರು.

ಅವರಾದ ಮೇಲೆ ಹೋದ ನನಗೆ ಏನೂ ಇರಲಿಲ್ಲ. ಚುಕ್ಕೆ ಕಂಡದ್ದು ಅತ್ತೆಗೆ. ಡಾಕ್ಟರಮ್ಮ ಬಿಡಿಸಿ ಹೇಳಿದರು: ಇದು ಕ್ಯಾನ್ಸರಲ್ಲ, ಬಿಟ್ಟರೆ ಮುಂದೆ ಆಗಬಹುದು, ಹೆಪ್ಪುಗಟ್ಟಿಸುವಷ್ಟು ತಣ್ಣನೆಯ ಗ್ಯಾಸಿನಿಂದ ಈಗಲೇ ತೆಗೆದುಬಿಡಬಹುದು, ಮುಂದಿನ ವಾರ ಬನ್ನಿ. ಅತ್ತೆ ತಲೆಯಾಡಿಸಿದರು. ಮನೆಗೆ ಬಂದ ಮೇಲೆ, "ಚೆನ್ನಾಗಿದ್ದೋಳ ತಲೆಗೆ ಕಾಯ್ಲೆ ಕಟ್ಬುಟ್ಲು ಆ ಟೈಲರು," ಎಂದು ಒಳಕೋಣೆ ಸೇರಿದರು. ಮುಂದಿನ ವಾರ ಬಂತು, ಹೋಯಿತು. ನೋವೇ ಇಲ್ಲ ಎಂದ ಮೇಲೆ ಆಸ್ಪತ್ರೆ ಯಾಕೆ ಎಂದರು ಮಾವ. ಗಂಡನಿಗೆ ತಾಯಿಯ ಹತ್ತಿರ ಈ ವಿಷಯ ಎತ್ತಲು ಸಂಕೋಚ. ಅತ್ತೆಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ.

ನನಗೆ ತಡೆಯಲಾಗದೆ ಹೋಗಿ ಟೈಲರಕ್ಕನಿಗೆ ಹೇಳಿದೆ. ಅವರು ಯಂತ್ರದ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದರು. ಮರುದಿನ ಮಧ್ಯಾಹ್ನ ನಾವು ಹೊಲದ ಅಂಚಿನಲ್ಲಿ ಕ್ಯಾರೆಟ್ಟು ಆರಿಸುತ್ತಿದ್ದಾಗ ಇಳಿಜಾರಿನಲ್ಲಿ ಇಳಿದು ಬಂದರು. ಅತ್ತೆ ತಲೆ ಎತ್ತಲಿಲ್ಲ. ಟೈಲರಕ್ಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ದಪ್ಪದ್ದು ಬೇರೆ ಸಣ್ಣದ್ದು ಬೇರೆ ಮಾಡತೊಡಗಿದರು. ರಾಶಿ ಅರ್ಧ ಇಳಿಯಿತು.

"ಅಕ್ಕ, ನಂಗೂ ಇತ್ತು," ಎಂದರು ಆಮೇಲೆ.

ಅತ್ತೆಯ ಕೈ ನಿಂತಿತು.

"ಕಲಿಯಕೋದಾಗ ಮೊದ್ಲು ನಾವೇ ಮಾಡಿಸ್ಕೊಂಡೊ. ಆಗ ಕಂಡ್ತು. ತೆಗೆಸ್ಕೊಂಡೆ. ನಮ್ಮನೆಯವ್ರಿಗೆ ಬುಟ್ರೆ ಯಾರ್ಗೂ ಹೇಳಿಲ್ಲ."

"ಯಾಕೆ ಹೇಳ್ನಿಲ್ಲ?"

"ಅಂಟುಜಾಡ್ಯ ಅಂದ್ಕತಾರೆ. ಅವ್ಳು ಮುಟ್ಟಿದ್ ಬಟ್ಟೆ ನಾವು ತೊಡಕಿಲ್ಲ ಅಂತಾರೆ. ಹೊಟ್ಟೆಪಾಡಲ್ವ ಅಕ್ಕ." ಇನ್ನೊಂದು ಕ್ಯಾರೆಟ್ಟು ಎತ್ತಿಕೊಂಡು ಹೇಳಿದರು: "ಗೂಡಲೂರಲ್ಲಿ ನಮ್ಮಕ್ಕ ಇದ್ಲು. ಅವ್ಳಿಗೆ ಯಾರೂ ಹೇಳೋರಿರ್ನಿಲ್ಲ. ಗೊತ್ತಾಗೋ ಹೊತ್ಗೆ ತಡ ಆಗೋಗಿತ್ತು. ಕೊನೇಲಿ ನಾನೇ ನೋಡ್ಕೊಂಡೆ. ಅದುನ್ನ ಇನ್ನೊಬ್ರ ಮನೇಲಿ ನೋಡಕೆ ನನ್ ಕೈಲಾಗಕಿಲ್ಲ."

ಅತ್ತೆ ಕೈಯಲ್ಲಿದ್ದ ಕ್ಯಾರೆಟ್ಟಿನ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದರು. ಮಣ್ಣೆಲ್ಲ ಹೋಗಿ ಕ್ಯಾರೆಟ್ಟು ಕೆಂಪಗೆ ಕಂಡ ಮೇಲೆ ಕೇಳಿದರು: "ನಾಳೆ ಬೆಳಿಗ್ಗೆ ಯಾವ ಬಸ್ಸು?"

ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಕೆಲವು ವಾರ ನೀರಿನಂತೆ ಸ್ರಾವ ಇತ್ತು, ಅದಕ್ಕಾಗಿ ಅತ್ತೆ ಡಾಕ್ಟರಮ್ಮನನ್ನೂ ನನ್ನನ್ನೂ ಸೇರಿಸಿ ಬೈದರು. ಆಮೇಲೆ ಸರಿಹೋಯಿತು. ಆದರೆ ಮಾತು ಕಡಿಮೆಯಿದ್ದ ಅತ್ತೆಗೆ ಆಗ ಎಲ್ಲಿಂದ ಮಾತು ಬಂತೋ! ನೀರಿನ ನಲ್ಲಿಯ ಹತ್ತಿರ, ಮೆಚ್ಚಿಕೆಯಿಂದಲೇ, "ಟೈಲರ್‌ಗೂ ಇತ್ತಂತೆ, ನೋಡಿ ಈಗ ಹೆಂಗವ್ಳೆ," ಎಂದುಬಿಟ್ಟರು. ಸಂಜೆಯ ಹೊತ್ತಿಗೆ ಊರೆಲ್ಲ ಆ ಮಾತು. ಟೈಲರಕ್ಕ ಹೆದರಿದ್ದು ಸುಳ್ಳಾಗಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಕೆಲವರು ಹಾಗೇ ವಾಪಸು ಕೇಳಿದರು. ಅವರು ಮಡಿಸಿ, ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸಿದರು. ಅತ್ತೆಯ ಮೇಲೆ ಒಂದು ಮಾತೂ ಆಡಲಿಲ್ಲ.

ಅತ್ತೆಗೆ ಇದು ತಿಳಿದಾಗ ಅವರ ಮುಖ ಸಣ್ಣದಾಯಿತು. ಮಾರನೆಯ ದಿನದಿಂದ ಊಟ ಮುಗಿಸಿ ನೇರ ಟೈಲರಕ್ಕನ ಅಂಗಡಿಗೆ ಹೋಗತೊಡಗಿದರು. ಬಸ್ಸಿಳಿದವರಿಗೆಲ್ಲ ಕಾಣುವಂತೆ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು, ರವಿಕೆಗಳಿಗೆ ಹುಕ್ಕು ಹಾಕುತ್ತ ಕೂತಿರುತ್ತಿದ್ದರು. ಅವರಿಗೆ ಸೂಜಿ ಹಿಡಿಯಲು ಸರಿಯಾಗಿ ಬರುತ್ತಿರಲಿಲ್ಲ. ಅವರು ಮನೆಗೆ ಹೊರಟ ಮೇಲೆ ಟೈಲರಕ್ಕ ಆ ಹುಕ್ಕುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕುತ್ತಿದ್ದದ್ದು ನನಗೊಬ್ಬಳಿಗೇ ಗೊತ್ತು. ಯಾರಾದರೂ ಇಣುಕಿದರೆ ಸಾಕು, ಅತ್ತೆ ಕೂಗಿ ಹೇಳುತ್ತಿದ್ದರು: "ನಂಗೂ ಇತ್ತು, ಇವ್ಳಿಗೂ ಇತ್ತು. ಇಬ್ರೂ ಗಟ್ಟಿಮುಟ್ಟಾಗಿ ಕೂತಿವಿ. ಬನ್ನಿ ಒಳಕ್ಕೆ."

ಮೊದಲು ವಾಪಸು ಬಂದವಳು ಬಟ್ಟೆಯನ್ನು ಎಲ್ಲರಿಗಿಂತ ಮುಂಚೆ ಕಿತ್ತುಕೊಂಡು ಹೋದವಳೇ. ಪರದೆಯ ಹಿಂದೆ ಹೋಗಿ ಬಹಳ ಹೊತ್ತು ಪಿಸುಗುಟ್ಟಿದಳು. ಮುಂದಿನ ಸಲ ಜೀಪಿನಲ್ಲಿ ಕೂರಲು ಜಾಗ ಸಾಲಲಿಲ್ಲ. ಕ್ರಮೇಣ ಇತ್ತಲಾರಿನಿಂದ, ತುಮ್ಮನಟ್ಟಿಯಿಂದಲೂ ಹೆಂಗಸರು ಬಂದರು. ಕೆಲವರು ಹೊಲಿಸುವ ನೆಪಕ್ಕೆ ಬಟ್ಟೆ ತರುವುದನ್ನೂ ಬಿಟ್ಟರು. "ಸುಮ್ನೆ ಬಂದ್ರೆ ನನ್ ಗತಿ ಏನು? ಒಂದು ಲಂಗನಾದ್ರೂ ಹೊಲಿಸ್ಕೊಳಿ," ಎಂದು ಟೈಲರಕ್ಕ ನಗುತ್ತಿದ್ದರು. ಹೊಲಿಗೆಯೂ ಹೆಚ್ಚಾಯಿತು. ಅಂಗಡಿಗೆ ಇನ್ನೊಂದು ಯಂತ್ರ ಬಂತು.

ಹೋದ ವರ್ಷ ಟೈಲರಕ್ಕ ತೀರಿಕೊಂಡರು. ವಯಸ್ಸಾಗಿತ್ತು. ಊಟ ಮಾಡಿ ಮಲಗಿದವರು ಏಳಲಿಲ್ಲ. ಬಸ್ಸಿಗೆ ಕಾಯದೆ ಎಲ್ಲೆಲ್ಲಿಂದಲೋ ನಡೆದೇ ಬಂದ ಹೆಂಗಸರು ಬಸ್‌ಸ್ಟಾಪಿನ ರಸ್ತೆಯುದ್ದಕ್ಕೂ ನಿಂತಿದ್ದರು. ಅತ್ತೆ ಅವರ ತಲೆಯ ಹತ್ತಿರ ಕೂತವರು ಕೊನೆಯವರೆಗೂ ಕದಲಲಿಲ್ಲ. ಆ ಕ್ಯಾರೆಟ್ಟು ಹೊಲದ ಮಧ್ಯಾಹ್ನದ ಆಚೆಗೆ ಅತ್ತೆ ಮೊಮ್ಮಗಳ ಮದುವೆ ಕಂಡರು, ಮರಿಮಗನಿಗೆ ಎಣ್ಣೆ ಹಚ್ಚಿ ನೀರೆರೆದರು. ನನ್ನ ಮನೆಯೊಳಗಿನ ಆ ಸದ್ದುಗದ್ದಲವೆಲ್ಲ ಟೈಲರಕ್ಕ ಕೊಟ್ಟದ್ದು ಎಂದೇ ನಾನು ಎಣಿಸಿದ್ದೇನೆ.

ಟೈಲರಕ್ಕನ ತಿಥಿ ಮುಗಿದ ಮೇಲೆ ಅತ್ತೆಯೇ ನೆನಪಿಸಿದರು: "ನಿನ್ ಮಗಳ್ಗೂ ಮೂವತ್ತಾಯ್ತಲ್ಲ. ಕರ್ಕೊಂಡು ಹೋಗನ."

ಮೂವರೂ ಊಟಿಗೆ ಹೋದೆವು. ಹೆಸರು ಕರೆದಾಗ ಮಗಳು ಮಗುವನ್ನು ನನ್ನ ತೊಡೆಗೆ ಹಾಕಿ, ಬ್ಯಾಂಕಿಗೆ ಹೋಗುವವಳ ಹಾಗೆ ಸಲೀಸಾಗಿ ಒಳಗೆ ನಡೆದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತೆ ಆ ಬಾಗಿಲನ್ನೇ ನೋಡುತ್ತ ಕೂತಿದ್ದರು. "ನಮ್ಮ ಟೈಲರ್ ಇದ್ದು ಇದ ನೋಡ್ಬೇಕಿತ್ತು ಕನವ್ವ," ಎಂದರು.